ಹಿನ್ನೀರಿನಲ್ಲಿ ರಾತ್ರಿ ದೋಣಿ: ಎಲ್ಲರೂ ದಯವಿಟ್ಟು ಓದಿ

ಎಲ್ಲರಿಗೂ ನಮಸ್ಕಾರ.

ಶರಾವತಿ ಹಿನ್ನೀರಿನಲ್ಲಿ ದೋಣಿ, ತೆಪ್ಪ ಇಟ್ಟುಕೊಂಡಿರುವ ನಮ್ಮ ಗುಂಪಿನ ಎಲ್ಲರಿಗೂ ಈ ಮಾತು. ಮೊನ್ನೆ ಕತ್ತಲಾದ ಮೇಲೆ ಬರುವಾಗ ನಮ್ಮ ದೋಣಿ ನೀರೊಳಗಿನ ಬೊಡ್ಡೆಗೆ ಬಡಿಯಿತು. ಸದ್ದು ಕೇಳುವವರೆಗೂ ಏನೂ ಕಂಡಿರಲಿಲ್ಲ. ತಳದ ಹಲಗೆ ಒಂದು ಗೇಣು ಸೀಳಿದೆ, ಟವೆಲ್ ತುರುಕಿ ಹೇಗೋ ದಡ ಸೇರಿದೆವು. ಮಗಳೂ ಜೊತೆಗಿದ್ದಳು. ಅದಕ್ಕೇ ಬರೆಯುತ್ತಿದ್ದೇನೆ.

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಆದಾಗ ಮುಳುಗಿದ ಕಾಡಿನ ಮರಗಳು ಇನ್ನೂ ನಿಂತಿವೆ. ಜಲಾಶಯ ಪೂರ್ತಿ (ಸಮುದ್ರಮಟ್ಟದಿಂದ 1819 ಅಡಿ ಎತ್ತರದವರೆಗೆ) ತುಂಬಿದ್ದಾಗ ಮೇಲೆ ಸಲೀಸಾಗಿ ಹೋದ ದಾರಿಯಲ್ಲೇ, ನೀರು ಇಳಿದಂತೆ ಬೊಡ್ಡೆ ಗೇಣುದ್ದ ಕೆಳಗೆ ಅಡಗಿರುತ್ತದೆ. "ನನಗೆ ದಾರಿ ಗೊತ್ತು" ಅನ್ನುವವರೇ ಹೆಚ್ಚು ಹುಷಾರಾಗಿರಬೇಕು.

ಸೂರ್ಯ ಮುಳುಗುವುದರೊಳಗೆ ದಡ ಸೇರಿ. ಹೋಗಲೇಬೇಕಾದರೆ ಒಬ್ಬರೇ ಬೇಡ. ಲೈಫ್ ಜಾಕೆಟ್ ಹಾಕಿಕೊಳ್ಳಿ, ಸೀಟಿನ ಕೆಳಗೆ ಇಟ್ಟರೆ ಪ್ರಯೋಜನವಿಲ್ಲ. ಮುಂದೆ ಒಬ್ಬರು ಟಾರ್ಚ್ ಹಿಡಿದು ಕೂರಲಿ, ಇಂಜಿನ್ ನಿಧಾನ ಇರಲಿ. ಮೊಬೈಲ್ ಬೆಳಕು ನೆಚ್ಚಬೇಡಿ, ಪರದೆ ನೋಡಿದ ಕಣ್ಣಿಗೆ ಕತ್ತಲು ಇನ್ನಷ್ಟು ಕಪ್ಪಾಗುತ್ತದೆ. ಹೊರಡುವಾಗ ಇಲ್ಲಿ ಒಂದು ಸಾಲು ಹಾಕಿ, ತಲುಪಿದ ಮೇಲೆ ಇನ್ನೊಂದು. ಅವಘಡವಾದರೆ 112.

ಈ ಭಾನುವಾರ ಬೆಳಿಗ್ಗೆ 8ಕ್ಕೆ ದಡದಲ್ಲಿ ಸೇರಿ, ಮೇಲೆ ಕಾಣುವ ಮರಗಳಿಗೆ ಹೊಳೆಯುವ ಪಟ್ಟಿ ಸುತ್ತೋಣ. ಮುಳುಗಿರುವ ಬೊಡ್ಡೆಗಳ ಮೇಲೆ ಖಾಲಿ ಕ್ಯಾನ್ ತೇಲಿಬಿಟ್ಟು ಹಗ್ಗ ಕಟ್ಟೋಣ. ರಾತ್ರಿ ಬಲೆ ಬಿಡುವ ಅಣ್ಣಂದಿರಿಗೆ ಬೊಡ್ಡೆಗಳ ಜಾಗ ನಮಗಿಂತ ಚೆನ್ನಾಗಿ ಗೊತ್ತು, ನೀವು ಬರಲೇಬೇಕು.

ಯಾರು ಬರುತ್ತೀರಿ, ಯಾರ ಮನೆಯಲ್ಲಿ ಹಳೇ ಕ್ಯಾನ್ ಇದೆ, ಶುಕ್ರವಾರ ಸಂಜೆಯೊಳಗೆ ತಿಳಿಸಿ.