ಪುಣೆಯಲ್ಲಿ ಹಾಡದೆ ಉಳಿದ ನಿನ್ನ ಹಾಡು

ಪ್ರಿಯ ಗೆಳೆಯಾ,

ನಿನಗೊಬ್ಬನಿಗೇ ಬರೆದರೆ ಕಳುಹಿಸುವ ಧೈರ್ಯ ಬರುವುದಿಲ್ಲವೆಂದು ಇದನ್ನು ಎಲ್ಲರೂ ಓದುವಲ್ಲಿಯೇ ಬರೆಯುತ್ತಿದ್ದೇನೆ.

ಯೂರೋಪಿನ ದೇಶಗಳು ತಲಾ ಒಂದು ಹಾಡಿನೊಂದಿಗೆ ಸೆಣಸುವ ಯೂರೋವಿಷನ್ ಹಾಡಿನ ಸ್ಪರ್ಧೆಯ 2017ರ ಅಂತಿಮ ಸುತ್ತನ್ನು ನಿನ್ನೆ ರಾತ್ರಿ ಮತ್ತೊಮ್ಮೆ ನೋಡಿದೆ. ಯಾವ ಭಾಷೆಯಲ್ಲಾದರೂ ಹಾಡಬಹುದೆಂಬ ನಿಯಮ 1999ರಲ್ಲಿ ಮತ್ತೆ ಬಂದ ಮೇಲೆ ಹೆಚ್ಚಿನ ದೇಶಗಳು ಇಂಗ್ಲಿಷಿನ ಕಡೆಗೇ ವಾಲಿದ್ದವು. ಆ ವರ್ಷದ ಸ್ಪರ್ಧೆ ನಡೆದ ಉಕ್ರೇನಿನ ಕೀವ್‌ನಲ್ಲಿಯೂ ಹಾಗೆಯೇ ಆಗಿತ್ತು. ಅಂಥಲ್ಲಿ ಪೋರ್ಚುಗಲ್‌ನ ಸಾಲ್ವಡೋರ್ ಸೋಬ್ರಾಲ್ ನರ್ತಕರಿಲ್ಲದೆ, ಬೆಂಕಿಯ ಆಟವಿಲ್ಲದೆ, ಪ್ರೇಕ್ಷಕರ ನಡುವಿನ ಪುಟ್ಟ ವೇದಿಕೆಯಲ್ಲಿ ಒಬ್ಬರೇ ನಿಂತು, ಅಕ್ಕ ಲೂಯಿಸಾ ಬರೆದುಕೊಟ್ಟ ಹಾಡನ್ನು ಪೋರ್ಚುಗೀಸಿನಲ್ಲೇ ಹಾಡಿದರು. 758 ಅಂಕಗಳು ಬಂದವು. 1964ರಲ್ಲಿ ಮೊದಲ ಸಲ ಬಂದು ಸೊನ್ನೆ ಪಡೆದಿದ್ದ, ಅಲ್ಲಿಯವರೆಗೆ ಆರನೆಯ ಸ್ಥಾನಕ್ಕಿಂತ ಮೇಲೇರದಿದ್ದ ದೇಶಕ್ಕೆ ಅದು ಮೊದಲ ಗೆಲುವು.

ಆದರೆ ನನ್ನನ್ನು ಹೆಚ್ಚು ಕಾಡುವುದು ಅದೇ ದೇಶದ 1974ರ ಹಾಡು. ಆ ವರ್ಷದ ಸ್ಪರ್ಧೆ ನಡೆದ ಇಂಗ್ಲೆಂಡಿನ ಬ್ರೈಟನ್‌ನಲ್ಲಿ ಪಾವ್ಲೊ ದ ಕಾರ್ವಾಲ್ಯೊ ಹಾಡಿದ ಆ ವಿದಾಯದ ಪ್ರೇಮಗೀತೆಗೆ ಸಿಕ್ಕಿದ್ದು ಮೂರೇ ಅಂಕ, ಕೊನೆಯ ಸಾಲಿನ ಸ್ಥಾನ. ಮೂರು ವಾರವೂ ಕಳೆದಿರಲಿಲ್ಲ. ಏಪ್ರಿಲ್ 24ರ ರಾತ್ರಿ 10.55ಕ್ಕೆ ಲಿಸ್ಬನ್ನಿನ ರೇಡಿಯೋದಲ್ಲಿ ಅದೇ ಹಾಡು ಬಂದಾಗ, ಪೋರ್ಚುಗಲ್‌ನ ಸರ್ವಾಧಿಕಾರವನ್ನು ಉರುಳಿಸಲು ಕಾದಿದ್ದ ಸೈನಿಕರಿಗೆ ಅದು ಸಿದ್ಧರಾಗುವ ಸಂಕೇತವಾಗಿತ್ತು. ತೀರ್ಪುಗಾರರು ಕೊಟ್ಟ ಆ ಮೂರು ಅಂಕಗಳನ್ನು ನಾನು ಬಹಳ ಹೊತ್ತು ಯೋಚಿಸುತ್ತ ಕುಳಿತೆ.

ಗೆದ್ದ ಮೇಲೆ ಸಾಲ್ವಡೋರ್ ಅಕ್ಕನನ್ನು ವೇದಿಕೆಗೆ ಕರೆದು ಜೊತೆಯಲ್ಲಿ ಹಾಡಿದರು. ಹೃದಯದ ಕಾಯಿಲೆಯಿದ್ದ ತಮ್ಮನ ಬದಲು ಮೊದಲ ತಾಲೀಮುಗಳಲ್ಲಿ ಹಾಡಿದ್ದವರೂ ಆಕೆಯೇ. ಬರೆದವರೂ ಹಾಡಿದವರೂ ಒಂದೇ ಮೈಕಿನ ಮುಂದೆ ನಿಂತದ್ದನ್ನು ನೋಡಿ ನನಗೆ ನೀನು ನೆನಪಾದೆ.

ಪುಣೆಯ ಆ ಅಂತರಕಾಲೇಜು ಸ್ಪರ್ಧೆಯಲ್ಲಿ ನೀನು ಬರೆದ ಕನ್ನಡದ ಹಾಡಿಗೆ ಸಂಘಟಕರು ಒಪ್ಪಲಿಲ್ಲವೆಂದು ನಿನಗೆ ಹೇಳಿದ್ದೆನಲ್ಲ, ಅದು ಸುಳ್ಳು. ಯಾರೂ ಬೇಡವೆನ್ನಲಿಲ್ಲ. ತೀರ್ಪುಗಾರರಿಗೆ ಕನ್ನಡ ಬಾರದು, ಅಂಕ ಹೋದೀತು ಎಂದು ಲೆಕ್ಕ ಹಾಕಿ, ನನ್ನ ಹೆಸರು ಕೂಗುವುದಕ್ಕೆ ಸ್ವಲ್ಪ ಮೊದಲು ನಾನೇ ಹಿಂದಿ ಹಾಡಿಗೆ ಬದಲಾಯಿಸಿದೆ. ಎರಡನೆಯ ಬಹುಮಾನವೂ ಬಂತು. ಮರಳುವ ಬಸ್ಸಿನಲ್ಲಿ ನೀನು ರಾತ್ರಿಯಿಡೀ ಸಂಘಟಕರನ್ನು ಬೈಯುತ್ತ ನನ್ನನ್ನು ಸಮಾಧಾನಪಡಿಸಿದೆ. ನಾನು ಸುಮ್ಮನೆ ಸಮಾಧಾನ ಮಾಡಿಸಿಕೊಂಡೆ. ಆಮೇಲೆ ನೀನು ಹಾಡು ಬರೆಯಲೇ ಇಲ್ಲ. ಅದಕ್ಕೆ ಕಾರಣ ನಾನೇ ಇರಬಹುದೆಂಬ ಅನುಮಾನವನ್ನು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ.

ಇಷ್ಟೆಲ್ಲ ಬರೆಯಬೇಕೆಂದು ಕುಳಿತಿರಲಿಲ್ಲ, ಇರಲಿ. ಹಾರ್ಮೋನಿಯಂ ಇನ್ನೂ ನಿನ್ನ ಹತ್ತಿರವೇ ಇದೆಯೇ? ದೀಪಾವಳಿಗೆ ಬರುವಾಗ ಅದನ್ನು ತಾ. ನನ್ನ ಶ್ರುತಿ ಈಗ ಅದರ ಬಿಳಿ ಒಂದಕ್ಕೆ, ಅಂದರೆ ಮೊದಲ ಬಿಳಿ ಮನೆಗೆ, ಇಳಿದಿದೆ. ನಿನ್ನ ಆ ಹಾಡಿನ ಪಲ್ಲವಿ ಪೂರ್ತಿ ನೆನಪಿದೆ. ಎರಡನೆಯ ಚರಣದ ಕೊನೆಯ ಸಾಲೊಂದು ಸಿಗುತ್ತಿಲ್ಲ, ಬರೆದು ಕಳುಹಿಸು.

ನಿನ್ನವನು