ಒಳಗಿನ ರೇಡಿಯೇಷನ್ ತಪ್ಪಿಸಬೇಡಿ

ಸಂಪಾದಕರಿಗೆ ನಮಸ್ಕಾರ.

ಗರ್ಭಕಂಠದ ಕ್ಯಾನ್ಸರ್ ಬಗ್ಗೆ ಪತ್ರಿಕೆಗಳಲ್ಲಿ ಈಗ ಬರುವುದೆಲ್ಲ ಹೆಚ್ಚಾಗಿ ಲಸಿಕೆ, ತಪಾಸಣೆ. ಅವು ಬೇಕೇ ಬೇಕು. ಆದರೆ 2022ರ ಅಂದಾಜಿನಂತೆ ನಮ್ಮ ದೇಶದಲ್ಲಿ ಒಂದೇ ವರ್ಷದಲ್ಲಿ ಸುಮಾರು 1.27 ಲಕ್ಷ ಹೆಂಗಸರಿಗೆ ಈ ಕಾಯಿಲೆ ಹೊಸದಾಗಿ ಬಂತು, ಸುಮಾರು 80 ಸಾವಿರ ಮಂದಿ ತೀರಿಕೊಂಡರು. ಗಡ್ಡೆ ಆಗಲೇ ಬೆಳೆದವರು ಏನು ಮಾಡಬೇಕು, ಯಾವ ಚಿಕಿತ್ಸೆ ತಪ್ಪಿಸಬಾರದು ಅನ್ನುವುದನ್ನೂ ಬರೆಯಬೇಕಲ್ವಾ?

ನಮ್ಮ ಚಿಕ್ಕಮ್ಮನ ಜೊತೆ ಓಡಾಡಿದಾಗ ನಾನು ಕಂಡದ್ದು ಇದು. ಗಡ್ಡೆ ಸುತ್ತಮುತ್ತ ಹರಡಿದ್ದರೆ ಸಾಮಾನ್ಯವಾಗಿ ಆಪರೇಷನ್ ಮಾಡುವುದಿಲ್ಲ. ಸುಮಾರು 5 ವಾರ, ಸೋಮವಾರದಿಂದ ಶುಕ್ರವಾರದವರೆಗೆ ದಿನಾ ಹೊರಗಿನಿಂದ ರೇಡಿಯೇಷನ್, ಅದನ್ನೇ ಜನ ಕರೆಂಟ್ ಕೊಡೋದು ಅಂತಾರೆ. ಜೊತೆಗೆ ವಾರಕ್ಕೊಮ್ಮೆ ಸಿಸ್ಪ್ಲಾಟಿನ್ ಅನ್ನುವ ಔಷಧಿಯ ಕೀಮೋ. ಆಮೇಲೆ ಬ್ರಾಕಿಥೆರಪಿ, ಅಂದರೆ ಒಳಗಿನಿಂದ ಕೊಡುವ ರೇಡಿಯೇಷನ್. ತುಂಬಾ ಜನ ಕೈಬಿಡುವುದು ಇಲ್ಲೇ. 5 ವಾರ ಮುಗಿಯುವ ಹೊತ್ತಿಗೆ ರಕ್ತಸ್ರಾವ ನಿಂತಿರುತ್ತದೆ, ವಾಸನೆಯ ಬಿಳಿಮುಟ್ಟು ಕಮ್ಮಿಯಾಗಿರುತ್ತದೆ, ಮನೆಯಲ್ಲಿ ಕೆಲಸ ಕಾಯುತ್ತಿರುತ್ತದೆ, ಹೇಗೂ ವಾಸಿಯಾಯ್ತಲ್ಲ ಅಂತ ಊರಿಗೆ ಹೊರಟುಬಿಡುತ್ತಾರೆ. ಚಿಕ್ಕಮ್ಮನ ಜೊತೆ ದಿನಾ ಸಾಲಿನಲ್ಲಿ ಕೂರುತ್ತಿದ್ದ ಒಬ್ಬರು ಹಾಗೇ ಹೋದವರು ವಾಪಸ್ ಬರಲೇ ಇಲ್ಲ.

ಹೆದರಿಕೆಯೂ ಇದೆ, ಅದಕ್ಕೇ ಅಲ್ಲಿ ಏನು ಮಾಡುತ್ತಾರೆ ಅಂತ ಹೇಳುತ್ತೇನೆ. ಚಿಕ್ಕಮ್ಮನಿಗೆ ಸೊಂಟಕ್ಕೆ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ಗರ್ಭಕೋಶದೊಳಗೆ ಸಣ್ಣ ಲೋಹದ ಕೊಳವೆ ಇಟ್ಟರು, ಅದು ಜರುಗದಂತೆ ಸುತ್ತ ಹತ್ತಿಬಟ್ಟೆ ತುಂಬಿದರು. ಸ್ಕ್ಯಾನ್ ಮಾಡಿ, ಎಲ್ಲಿಗೆ ಎಷ್ಟು ವಿಕಿರಣ ಅಂತ ಪ್ಲಾನ್ ಆಗುವವರೆಗೆ ಅಲ್ಲಾಡದೆ ಮಲಗಿರಬೇಕು, ಕಷ್ಟ ಅಂದರೆ ಅದೇ. ಆಮೇಲೆ ತಂತಿಯ ತುದಿಯಲ್ಲಿ ಅಕ್ಕಿಕಾಳಿಗಿಂತ ಚಿಕ್ಕ ವಿಕಿರಣದ ತುಣುಕು ಕೊಳವೆಯೊಳಗೆ ಹೋಗಿ, ಕೆಲವು ನಿಮಿಷ ಕೆಲಸ ಮಾಡಿ, ಮಿಷನ್ನಿಗೆ ವಾಪಸ್ ಬರುತ್ತದೆ. ಮೈಯಲ್ಲಿ ಏನೂ ಉಳಿಯುವುದಿಲ್ಲ, ಮನೆಗೆ ಬಂದು ಮಕ್ಕಳನ್ನು ಎತ್ತಿಕೊಳ್ಳಬಹುದು. ವಿಕಿರಣ ಗಡ್ಡೆಯ ಪಕ್ಕದಲ್ಲೇ ಜೋರಾಗಿದ್ದು, ಸ್ವಲ್ಪ ದೂರಕ್ಕೇ ತುಂಬಾ ಇಳಿದುಬಿಡುವುದರಿಂದ ಮೂತ್ರಕೋಶಕ್ಕೂ ಕರುಳಿಗೂ ಬೀಳುವ ಏಟು ಕಮ್ಮಿ. ಹೊರಗಿನಿಂದ ಗಡ್ಡೆಗೆ ಅಷ್ಟು ಡೋಸ್ ಕೊಡಲು ಹೋದರೆ ಕರುಳು ತಡೆಯುವುದಿಲ್ಲ.

ಹೊಸ ಮಿಷನ್ನುಗಳು ಬೇಡ ಅಂತ ನಾನು ಹೇಳುತ್ತಿಲ್ಲ. ಆಪರೇಷನ್ ಆದ ಮೇಲೆ ರೇಡಿಯೇಷನ್ ಬೇಕಾದವರ ಮೇಲೆ ಮುಂಬೈನ ಟಾಟಾ ಮೆಮೋರಿಯಲ್ ನಡೆಸಿದ ಅಧ್ಯಯನದಲ್ಲಿ, 3 ವರ್ಷದೊಳಗೆ ಕರುಳಿನ ತೊಂದರೆ ಹಳೆಯ ವಿಧಾನದಲ್ಲಿ ನೂರಕ್ಕೆ 42 ಮಂದಿಗೆ ಬಂದರೆ, ಸ್ಕ್ಯಾನ್ ನೋಡಿಕೊಂಡು ಕೊಡುವ ಹೊಸ ವಿಧಾನವಾದ ಐಎಂಆರ್‌ಟಿಯಲ್ಲಿ 21 ಮಂದಿಗೆ. ಅರ್ಧಕ್ಕರ್ಧ! ಒಳಗಿನ ರೇಡಿಯೇಷನ್ ಕೂಡ ಮುಂದೆ ಬಂದಿದೆ. ಎಂಆರ್‌ಐ ನೋಡಿ ಗಡ್ಡೆಯ ಆಕಾರಕ್ಕೆ ತಕ್ಕಂತೆ ಕೊಟ್ಟ ಎಂಬ್ರೇಸ್ ಅನ್ನುವ ಅಧ್ಯಯನದಲ್ಲಿ, 5 ವರ್ಷದ ಲೆಕ್ಕದಲ್ಲಿ ನೂರಕ್ಕೆ 92 ಮಂದಿಗೆ ಕಾಯಿಲೆ ಆ ಜಾಗದಲ್ಲಿ ಹತೋಟಿಯಲ್ಲಿತ್ತು. ಇದು ಹೊರಬಿದ್ದದ್ದು 2021ರಲ್ಲಿ. ಆದರೂ ಆಸ್ಪತ್ರೆಗೆ ಹೊಸ ರೇಡಿಯೇಷನ್ ಮಿಷನ್ ಬಂತು ಅನ್ನುವ ಸುದ್ದಿಯಲ್ಲಿ ಅಲ್ಲಿ ಬ್ರಾಕಿಥೆರಪಿ ಇದೆಯೋ ಇಲ್ಲವೋ ಅನ್ನುವುದೇ ಇರುವುದಿಲ್ಲ.

ಇನ್ನೊಂದು, ಶುರುವಿನಿಂದ ಕೊನೆಯ ಬ್ರಾಕಿಥೆರಪಿವರೆಗೆ ಎಲ್ಲವೂ 8 ವಾರದೊಳಗೆ ಮುಗಿಯಬೇಕು. ಎಳೆದಷ್ಟೂ ಕಾಯಿಲೆ ಮತ್ತೆ ತಲೆಯೆತ್ತುವ ಅಪಾಯ ಜಾಸ್ತಿ. ಬ್ರಾಕಿಥೆರಪಿಗೆ ಬೇರೆ ಊರಿಗೆ ಹೋಗಿ ಅಂತ ಚೀಟಿ ಕೊಟ್ಟರೆ, ಅಲ್ಲಿ ಹೊಸದಾಗಿ ಹೆಸರು ಬರೆಸಿ, ಸರದಿಗೆ ಕಾದು, ಮತ್ತೆ ಸ್ಕ್ಯಾನ್ ಅಂದರೆ ಆ 8 ವಾರ ಎಲ್ಲಿ ಉಳಿಯುತ್ತದೆ? ಬ್ರಾಕಿಥೆರಪಿ ಮಿಷನ್ನಿನಲ್ಲಿ ಬಳಸುವ ಇರಿಡಿಯಂ ಅನ್ನುವ ವಿಕಿರಣ ತುಣುಕಿನ ಶಕ್ತಿ 74 ದಿನಕ್ಕೆ ಅರ್ಧವಾಗುವುದರಿಂದ ಮೂರ್ನಾಲ್ಕು ತಿಂಗಳಿಗೊಮ್ಮೆ ಹೊಸದು ತರಿಸಬೇಕು, ಆ ಖರ್ಚು ಸಣ್ಣ ಆಸ್ಪತ್ರೆಗೆ ಭಾರವೇ. ಆದರೆ ಅದರ ಬದಲು ಬಳಸಬಹುದಾದ ಕೋಬಾಲ್ಟ್-60 ತುಣುಕಿನ ಶಕ್ತಿ ಅರ್ಧವಾಗಲು 5 ವರ್ಷಕ್ಕಿಂತ ಜಾಸ್ತಿ ಬೇಕು, ವರ್ಷಗಟ್ಟಲೆ ಬಳಸಬಹುದು. ಜಿಲ್ಲೆಗಳಲ್ಲಿ ರೇಡಿಯೇಷನ್ ಕೇಂದ್ರ ತೆರೆಯುವಾಗ ಸರ್ಕಾರ ಬ್ರಾಕಿಥೆರಪಿಯನ್ನೂ ಸೇರಿಸಿಯೇ ಟೆಂಡರ್ ಕರೆಯಲಿ.

ಆಸ್ಪತ್ರೆಯವರು ಹೊರಗಿನ ರೇಡಿಯೇಷನ್ ಶುರುವಾದ ದಿನವೇ ಬ್ರಾಕಿಥೆರಪಿ ತಾರೀಖನ್ನೂ ಬರೆದುಕೊಡಲಿ. ಬಾರದವರಿಗೆ ಅವತ್ತೇ ಫೋನ್ ಮಾಡಲಿ, ರೋಗಿಗೆ ಮಾತ್ರ ಅಲ್ಲ, ಗಂಡನಿಗೋ ಮಗನಿಗೋ ಕೂಡ, ಯಾಕೆಂದರೆ ಬಸ್ಸಿನ ದುಡ್ಡು ಕೊಟ್ಟು ಕಳಿಸಬೇಕಾದವರು ಎಷ್ಟೋ ಮನೆಯಲ್ಲಿ ಅವರೇ.

ಇಂತಿ,
ಒಬ್ಬ ಓದುಗಿ, ದಾವಣಗೆರೆ