ಯಂತ್ರ ಬಂತು, ಸಾಮೆ ಕೊಳ್ಳಲು ಕಾಸಿಲ್ಲ

ಮಾನ್ಯ ಸಂಪಾದಕರೇ,

ಹಾವೇರಿ, ಕುಂದಗೋಳದ ಕಡೆ ಸಾಮೆ, ಕೊಪ್ಪಳದ ಕಡೆ ನವಣೆ, ತುಮಕೂರು–ಚಿತ್ರದುರ್ಗದ ಬೆದ್ದಲಲ್ಲಿ ಕೊರಲೆ ಬೆಳೆಯುವವರು ಸೇರಿ ಕಟ್ಟಿದ ರೈತ ಉತ್ಪಾದಕ ಕಂಪನಿಗಳಿಗೆ ಸಹಾಯಧನದಲ್ಲಿ ಈ ಸಿರಿಧಾನ್ಯಗಳ ಸಿಪ್ಪೆ ಬಿಡಿಸುವ ಸಂಸ್ಕರಣಾ ಯಂತ್ರಗಳು ಬಂದಿವೆ. ಉದ್ಘಾಟನೆಯ ಫಲಕವೂ ಬಿದ್ದಿದೆ. ಆಮೇಲೆ ಶಟರ್ ಎಳೆದಿರುವುದನ್ನು ಕಂಡವರು ‘ರೈತರಿಗೆ ವ್ಯಾಪಾರ ತಿಳಿಯದು’ ಅಂದುಬಿಡುತ್ತಾರೆ. ಕಾರಣ ಲೆಕ್ಕದಲ್ಲಿದೆ.

ಇಂಥ ಕಂಪನಿ ಕಟ್ಟಲೆಂದು 2020ರಲ್ಲಿ ಬಂದ ಕೇಂದ್ರದ ಯೋಜನೆಯಂತೆ ಬಯಲುಸೀಮೆಯಲ್ಲಿ ಒಂದು ಕಂಪನಿಗೆ ಕನಿಷ್ಠ 300 ಸದಸ್ಯರು ಬೇಕು. ಸದಸ್ಯ ಹಾಕಿದ ಷೇರಿನಷ್ಟೇ ಮೊತ್ತವನ್ನು, ತಲೆಗೆ 2,000 ರೂಪಾಯಿ, ಕಂಪನಿಗೆ 15 ಲಕ್ಷ ಮೀರದಂತೆ ಸರ್ಕಾರ ಸೇರಿಸುತ್ತದೆ. ಒಬ್ಬೊಬ್ಬರು ಸಾವಿರ ಹಾಕಿದರು ಎನ್ನಿ: ಸದಸ್ಯರದು 3 ಲಕ್ಷ, ಸರ್ಕಾರದ್ದು 3 ಲಕ್ಷ, ಕೈಯಲ್ಲಿ 6 ಲಕ್ಷ. ಸಾಮೆ ಕ್ವಿಂಟಲಿಗೆ 4,000 ಎಂದಿಟ್ಟುಕೊಂಡರೆ ಇದಕ್ಕೆ ಸಿಗುವುದು 150 ಕ್ವಿಂಟಲ್. ಗಂಟೆಗೆ ಒಂದು ಕ್ವಿಂಟಲ್ ಸಿಪ್ಪೆ ಬಿಡಿಸುವ ಸಣ್ಣ ಯಂತ್ರ ದಿನಕ್ಕೆ ಎಂಟು ಗಂಟೆ ತಿರುಗಿದರೆ ಅಷ್ಟೂ ಕಾಳು ಹತ್ತೊಂಬತ್ತು ದಿನದಲ್ಲಿ ಮುಗಿಯುತ್ತದೆ. ಪೇಟೆಯ ಅಂಗಡಿ ದುಡ್ಡು ಕೊಡಲು ತಿಂಗಳು, ಎರಡು ತಿಂಗಳು ಕಾಯಿಸಿದರೆ ಯಂತ್ರವೂ ಅಷ್ಟು ದಿನ ಕಾಯಬೇಕು. ಅತ್ತ ವ್ಯಾಪಾರಿ ಕಣಕ್ಕೇ ಬಂದು ಎದುರಿಗೇ ನೋಟು ಎಣಿಸುತ್ತಾನೆ. ಸುಗ್ಗಿಯಲ್ಲಿ ಸಾಲ ತೀರಿಸಬೇಕಾದವನು ಕಂಪನಿಗಾಗಿ ಯಾಕೆ ಕಾಯಬೇಕು? ಅವನದೇನೂ ತಪ್ಪಿಲ್ಲ.

ಕಾಳು ಸಿಕ್ಕ ಮೇಲಿನ ತೊಡಕುಗಳೇ ಬೇರೆ. ಮಣ್ಣಿನ ಕಣದಲ್ಲೋ ಡಾಂಬರು ರಸ್ತೆಯ ಮೇಲೋ ಒಕ್ಕಿದ ಸಾಮೆಯಲ್ಲಿ ಕಾಳಿನಷ್ಟೇ ಗಾತ್ರದ ಹರಳು ಸೇರಿರುತ್ತದೆ. ಇದು ಜರಡಿಗೆ ಸಿಕ್ಕುವುದಿಲ್ಲ. ತೂಕದ ಮೇಲೆ ಬೇರ್ಪಡಿಸುವ ಡೀಸ್ಟೋನರ್ ಬೇಕು, ಅದರ ಗಾಳಿಯನ್ನು ಬೆಳೆ ಬದಲಾದಾಗಲೆಲ್ಲ ಹೊಂದಿಸಬೇಕು. ನವಣೆಗೆ ಇಟ್ಟ ಗಾಳಿಯಲ್ಲೇ ಸಾಮೆ ಬಿಟ್ಟರೆ ಒಂದೋ ಕಲ್ಲು ಉಳಿಯುತ್ತದೆ, ಇಲ್ಲವೇ ಕಾಳು ಕಲ್ಲಿನ ಜತೆ ಹೋಗುತ್ತದೆ. ಮುಂದೆ, ಕಾಳನ್ನು ಗೋಡೆಗೆ ಎಸೆದು ಸಿಪ್ಪೆ ಒಡೆಯುವ ಯಂತ್ರಕ್ಕೆ ದಪ್ಪ, ಸಣ್ಣ ಕಾಳು ಬೆರೆತು ಬಂದರೆ ದಪ್ಪದ್ದು ನುಚ್ಚಾಗುತ್ತದೆ, ಸಣ್ಣದು ಸಿಪ್ಪೆಯೊಂದಿಗೇ ಹೊರಬರುತ್ತದೆ. ಹಾಗಾಗಿ ಮೊದಲು ಗಾತ್ರದಂತೆ ವಿಂಗಡಿಸುವ ಗ್ರೇಡಿಂಗ್, ಆಮೇಲೆ ಸಿಪ್ಪೆ. ತೇವ ಹೆಚ್ಚಿದ್ದರೆ ಸಿಪ್ಪೆ ಬಿಡದು, ತೀರಾ ಒಣಗಿದ್ದರೆ ಅಕ್ಕಿ (ಸಿಪ್ಪೆ ಬಿಟ್ಟ ಕಾಳು) ಮುರಿಯುತ್ತದೆ. ಸಂಜೆ ವೋಲ್ಟೇಜ್ ಇಳಿದಾಗ ಮೋಟಾರಿನ ವೇಗ ತಗ್ಗಿ ಅಕ್ಕಿಯಲ್ಲಿ ಸಿಪ್ಪೆ ಬಿಡದ ಕಾಳು ಬೆರೆಯತೊಡಗುತ್ತದೆ. ನಿಲ್ಲಿಸದೆ ಓಡಿಸಿದರೆ ಇಡೀ ದಿನದ ಮಾಲು ಹಾಳು. ಇಷ್ಟೆಲ್ಲ ಸರಿಯಾದರೂ ನೂರು ಕಿಲೋ ಸಾಮೆಗೆ ಅಕ್ಕಿ ಅರವತ್ತು, ಅರವತ್ತೈದು ಕಿಲೋ. ಕೊರಲೆಯ ಸಿಪ್ಪೆ ಇನ್ನೂ ಗಟ್ಟಿ, ಎರಡು ಸಲ ಬಿಡಬೇಕಾಗುತ್ತದೆ.

ಇದನ್ನು ಒಂದು ದಿನದ ತರಬೇತಿಯಲ್ಲಿ ಕಲಿಯಲಾಗದು. ಯಂತ್ರದ ಮುಂದೆ ಒಂದೆರಡು ಸುಗ್ಗಿ ನಿಂತವನಿಗೆ ಮಾತ್ರ ಬರುತ್ತದೆ. ಆದರೆ ಯೋಜನೆಯಲ್ಲಿ ನಿರ್ವಹಣಾ ವೆಚ್ಚಕ್ಕೆ ಕೊಡುವ ಗರಿಷ್ಠ 18 ಲಕ್ಷ ಮೂರು ವರ್ಷಕ್ಕೇ ಮುಗಿಯುತ್ತದೆ. ನೋಂದಣಿ, ಷೇರು ಸಂಗ್ರಹ, ಕಟ್ಟಡ ಎನ್ನುವಷ್ಟರಲ್ಲಿ ಎರಡು ವರ್ಷ ಸರಿದು, ಯಂತ್ರ ಬರುವ ಹೊತ್ತಿಗೆ ಅದನ್ನು ನಡೆಸುವವನ ಸಂಬಳ ನಿಲ್ಲುವ ಹೊತ್ತೂ ಬಂದಿರುತ್ತದೆ.

ಇನ್ನೊಂದು ತಪ್ಪನ್ನು ಕಂಪನಿಗಳೇ ಮಾಡುತ್ತವೆ. ಮೇಳ ಹತ್ತಿರ ಬಂತೆಂದು ಇದ್ದಬದ್ದ ಕಾಳನ್ನೆಲ್ಲ ಸಿಪ್ಪೆ ತೆಗೆದು ಪ್ಯಾಕ್ ಮಾಡುವುದು. ಸಿಪ್ಪೆಯೊಳಗಿನ ಸಾಮೆ ಒಣ ಜಾಗದಲ್ಲಿ ವರ್ಷ ಕಳೆದರೂ ಕೆಡದು. ಸಿಪ್ಪೆ ಹೋದ ಮೇಲೆ ತೌಡಿನ ಎಣ್ಣೆಯಂಶ ಗಾಳಿಗೆ ಸಿಕ್ಕಿ ಎರಡು ಮೂರು ತಿಂಗಳಲ್ಲಿ ಕಮಟು ವಾಸನೆ ಬರುತ್ತದೆ, ಅಂಗಡಿಯವರು ವಾಪಸ್ ಕಳಿಸುತ್ತಾರೆ. ಕಾಳನ್ನೇ ದಾಸ್ತಾನು ಇಟ್ಟು, ಬೇಡಿಕೆ ಬಂದಷ್ಟನ್ನೇ ಸುಲಿಯುವುದು ಸರಿಯಾದ ಕ್ರಮ. ಅದಕ್ಕೆ ಮತ್ತೆ ಸುಗ್ಗಿಯಲ್ಲೇ ಕೊಳ್ಳುವ ಹಣ ಬೇಕು.

ಹೊಸ ಘಟಕಗಳಿಗೆ ಅರ್ಜಿ ಕರೆಯುವ ಮೊದಲು, ಇರುವ ಘಟಕಗಳಿಗೆ ಸೆಪ್ಟೆಂಬರ್ ಒಳಗೆ ಕಾಳು ಕೊಳ್ಳುವ ದುಡಿಮೆ ಬಂಡವಾಳ ಕೈಸೇರುವಂತೆ ಕೃಷಿ ಇಲಾಖೆ ಬ್ಯಾಂಕುಗಳನ್ನು ಒಪ್ಪಿಸಲಿ. ಈ ಕಂಪನಿಗಳಿಗೆಂದೇ ಸಾಲ ಖಾತರಿ ನಿಧಿ ಇದೆ. ಅಷ್ಟಿದ್ದೂ ಬ್ಯಾಂಕುಗಳು ಸಾಲದ ಭದ್ರತೆಗೆ ಕಂಪನಿ ನಿರ್ದೇಶಕರ ಪಹಣಿ ಕೇಳುವುದು ನಿಲ್ಲಲಿ. ನಿರ್ವಹಣಾ ವೆಚ್ಚದ ಮೂರು ವರ್ಷವನ್ನು ನೋಂದಣಿಯ ದಿನದ ಬದಲು ಯಂತ್ರ ತಿರುಗಿದ ದಿನದಿಂದ ಎಣಿಸಲಿ.

ಕಂಪನಿಗಳೂ ಕೂಲಿಗೆ ಸುಲಿದುಕೊಡುವ ಕೆಲಸವನ್ನು ಸಣ್ಣದೆನ್ನದೆ ಹಿಡಿಯಲಿ. ಅದಕ್ಕೆ ಬಂಡವಾಳ ಬೇಡ, ಕೂಲಿ ಅಂದೇ ಕೈಗೆ ಬರುತ್ತದೆ. ಒರಳಿನಲ್ಲಿ ಕುಟ್ಟುವ ಕಷ್ಟಕ್ಕೆ ಹೆಂಗಸರು ಬೇಸತ್ತು ಸಾಮೆ ಅನ್ನ ಬಿಟ್ಟ ಮನೆಗಳು ಊರೂರಲ್ಲಿವೆ. ವಾರದ ಸಂತೆಯ ದಿನ ಯಂತ್ರ ಚಾಲೂ ಇರುತ್ತದೆಂದು ಗೊತ್ತಾದರೆ, ಅರ್ಧ ಚೀಲ ಹೊತ್ತು ತರುವವರು ಸಿಕ್ಕೇ ಸಿಗುತ್ತಾರೆ.

– ಸಿರಿಧಾನ್ಯ ಸಂಸ್ಕರಣೆಯಲ್ಲಿ ತೊಡಗಿರುವ ಕೆಲವರು, ಹಾವೇರಿ ಜಿಲ್ಲೆ